ಆಫರ್ ಬಂತು, ಇನ್ನೂ ಸ್ವಲ್ಪ ಕೇಳ್ಬಹುದಾ? ಮನಸ್ಸು ಕೆಡಿಸ್ಕೊಳ್ದೆ ಸಂಬಳ ಮಾತಾಡೋದು

ಎಲ್ಲಾ ರೌಂಡ್ ಮುಗ್ದು ಎಚ್‌ಆರ್ ಫೋನ್ ಮಾಡಿ "ಕಂಗ್ರಾಟ್ಸ್, ನೀವು ಸೆಲೆಕ್ಟ್ ಆಗಿದೀರ, ಸಿಟಿಸಿ ಇಷ್ಟು" ಅಂತ ಒಂದು ನಂಬರ್ ಹೇಳ್ತಾರೆ ನೋಡಿ, ಅಲ್ಲಿಂದ ಲೆಟರ್‌ಗೆ ಸೈನ್ ಹಾಕೋ ತನಕ ಸಿಗೋ ಎರಡು ಮೂರು ದಿನದಲ್ಲಿ ನಮ್ಮ ಜನ ಸಾಮಾನ್ಯವಾಗಿ ಎರಡು ಥರ ನಡ್ಕೊಳ್ತಾರೆ. ಒಂದು ಗುಂಪು, "ಕೇಳಿದ್ರೆ ದುರಾಸೆ ಅನ್ಕೊಂಡ್ರೆ, ಆಫರೇ ವಾಪಸ್ ತಗೊಂಡ್ರೆ" ಅಂತ ಹೆದರಿ ಕೋಲೆ ಬಸವನ ಹಾಗೆ ತಲೆ ಆಡಿಸಿ, ಸೇರಿ ಆರು ತಿಂಗಳಾದ್ಮೇಲೆ ಪಕ್ಕದ ಸೀಟಿನವನ ಪ್ಯಾಕೇಜ್ ಗೊತ್ತಾಗಿ ಒಳಗೊಳಗೇ ಕುದಿಯೋರು. ಇನ್ನೊಂದು ಗುಂಪು ಆರಾಮಾಗಿ ಹೂಂ ಅಂದು ಸೈನ್ ಮಾಡಿ, ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಮೇಲೂ ಹಳೇ ಕಂಪನಿಲಿ ಇರ್ಬೇಕಾದ ಅವಧಿ) ಉದ್ದಕ್ಕೂ ಆ ಲೆಟರ್ ಹಿಡ್ಕೊಂಡು ಬೇರೆ ಬೇರೆ ಕಂಪನಿ ಬಾಗಿಲು ತಟ್ಟೋರು. ನನಗನ್ಸೋದು ಇಷ್ಟೇ, ಕೇಳೋದ್ರಿಂದ ಸಂಬಂಧ ಕೆಡಲ್ಲ, ಹೂಂ ಅಂದ್ಮೇಲೆ ಮತ್ತೆ ಕೇಳೋದ್ರಿಂದ ಕೆಡತ್ತೆ. ಇಂಟರ್ವ್ಯೂ ಪ್ಯಾನೆಲ್‌ನಲ್ಲಿ ಆ ಕಡೆ ಕೂತಾಗ್ಲೂ ಈ ಕಡೆ ಕೂತಾಗ್ಲೂ ನಾನು ನೋಡಿರೋದು ಇದನ್ನೇ.

ಮೊದ್ಲು ಆ ಕಡೆ ಯಾರ್ಯಾರಿದಾರೆ ಅಂತ ತಿಳ್ಕೊಳ್ಳಿ. ಫೋನ್ ಮಾಡೋ ರೆಕ್ರೂಟರ್ ಸಂಬಳ ನಿರ್ಧಾರ ಮಾಡೋರಲ್ಲ. ಆ ಹುದ್ದೆಗೆ ಒಂದು ಬ್ಯಾಂಡ್ ಅಂತ ಇರತ್ತೆ, ಕೆಳಗಿನ ಮಿತಿ ಮೇಲಿನ ಮಿತಿ ಎರಡೂ ಫಿಕ್ಸ್, ಅದರೊಳಗೆ ರೆಕ್ರೂಟರ್ ತಾನೇ ಸ್ವಲ್ಪ ಆಡ್ಬಹುದು, ಅದನ್ನ ದಾಟ್ಬೇಕು ಅಂದ್ರೆ ಹೈರಿಂಗ್ ಮ್ಯಾನೇಜರ್ ಮೇಲಿನವರಿಗೆ ಮೇಲ್ ಹಾಕಿ ಕಾರಣ ಬರೆದು ಅಪ್ರೂವಲ್ ತಗೋಬೇಕು. ಅಂದ್ರೆ ನೀವು ಹೇಳೋ ಮಾತನ್ನ ಇನ್ಯಾರೋ ಇನ್ಯಾರಿಗೋ ತಲುಪಿಸ್ತಾರೆ. "ನೀವೇ ನೋಡಿ ಮೇಡಂ, ಏನಾದ್ರೂ ಸ್ವಲ್ಪ ಅಡ್ಜಸ್ಟ್ ಮಾಡಿ" ಅಂದ್ರೆ ಆಕೆ ಪಾಪ ಮೇಲ್‌ನಲ್ಲಿ ಏನಂತ ಬರೀಬೇಕು? ಒಂದು ನಂಬರ್, ಒಂದು ಕಾರಣ ಕೊಡಿ, ಅದನ್ನ ಆಕೆ ಹಾಗೇ ಮೇಲಕ್ಕೆ ಕಳಿಸ್ಬಹುದು. ನಮ್ಮಲ್ಲಿ ಸಂಕೋಚನೇ ಮರ್ಯಾದೆ ಅನ್ಕೊಂಡಿದೀವಿ, ಈ ವಿಷಯದಲ್ಲಿ ಸಂಕೋಚದಿಂದ ಆಕೆ ಕೆಲ್ಸ ಇನ್ನೂ ಕಷ್ಟ ಆಗತ್ತೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯಲ್ಲ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ 60 ದಿನ, 90 ದಿನ ನೋಟಿಸ್ ಪೀರಿಯಡ್ ಇರೋದು ಮಾಮೂಲು. ಆ ಮೂರು ತಿಂಗಳಲ್ಲಿ ಕ್ಯಾಂಡಿಡೇಟ್ ಕೈ ಕೊಡೋ ಸಾಧ್ಯತೆ ಇದ್ದೇ ಇರತ್ತೆ, ರೆಕ್ರೂಟರ್ ಟಾರ್ಗೆಟ್ ಲೆಕ್ಕಕ್ಕೆ ಬರೋದು ಎಷ್ಟು ಆಫರ್ ಕೊಟ್ರು ಅನ್ನೋದಲ್ಲ ಎಷ್ಟು ಜನ ಬಂದು ಸೇರಿದ್ರು ಅನ್ನೋದು. ಹಾಗಾಗಿ ಆಕೆ ತಲೇಲಿ ಓಡ್ತಿರೋ ಮೊದಲ ಚಿಂತೆ "ಇವ್ರು ಎಷ್ಟು ಕೇಳ್ತಾರೋ" ಅನ್ನೋದಕ್ಕಿಂತ "ಇವ್ರು ನಿಜವಾಗ್ಲೂ ಬರ್ತಾರಾ" ಅನ್ನೋದು. ನಿಮ್ಮ ಕೈಲಿರೋ ದೊಡ್ಡ ಬಲ ಅದೇ, ಖಚಿತತೆ. "ಇಷ್ಟು ಮಾಡ್ಕೊಟ್ರೆ ನಾನು ಇವತ್ತೇ ಅಕ್ಸೆಪ್ಟ್ ಮಾಡ್ತೀನಿ, ಬೇರೆ ಕಡೆ ಮಾತುಕತೆ ಎಲ್ಲಾ ನಿಲ್ಲಿಸ್ತೀನಿ" ಅನ್ನೋ ಒಂದು ಮಾತಿಗೆ ಇನ್ನೊಂದು ಕಂಪನಿ ಆಫರ್ ತೋರ್ಸಿ ಹೆದರಿಸೋದಕ್ಕಿಂತ ತೂಕ ಜಾಸ್ತಿ. ಆದ್ರೆ ಹೇಳಿದ್ರೆ ಹಾಗೇ ನಡ್ಕೋಬೇಕು ಅಷ್ಟೇ, ಇಲ್ಲಾಂದ್ರೆ ಹೇಳ್ಲೇಬೇಡಿ.

ಕೇಳೋಕೆ ಮುಂಚೆ ಲೆಕ್ಕ ಮಾಡಿ. ಸಿಟಿಸಿ ಅಂದ್ರೆ ಕಂಪನಿಗೆ ನಿಮ್ಮಿಂದ ಆಗೋ ಒಟ್ಟು ಖರ್ಚು, ನಿಮ್ಮ ಅಕೌಂಟಿಗೆ ಬೀಳೋ ದುಡ್ಡಲ್ಲ. ಒಂದು ಉದಾಹರಣೆ ನೋಡೋಣ. ಆಫರ್ 15 ಲಕ್ಷ. ಅದರಲ್ಲಿ ವೇರಿಯಬಲ್ (ಪರ್ಫಾರ್ಮೆನ್ಸ್ ನೋಡಿ ಕೊಡೋ ಭಾಗ) 1,80,000, ಉಳಿದ ಫಿಕ್ಸೆಡ್ 13,20,000. ಬೇಸಿಕ್ ತಿಂಗಳಿಗೆ 55,000 ಅಂತ ಇಟ್ಕೊಳ್ಳಿ. ಕಂಪನಿ ಕಡೆಯ ಪಿಎಫ್ 12% ಅಂದ್ರೆ ವರ್ಷಕ್ಕೆ 79,200, ಅದು ಸಿಟಿಸಿ ಒಳಗೇ ಇದೆ. ಗ್ರಾಚ್ಯುಟಿ ಬೇಸಿಕ್‌ನ 4.81%, ಅಂದ್ರೆ 31,700 ಚಿಲ್ಲರೆ, ಅದೂ ಒಳಗೆ, ಪರ್ಮನೆಂಟ್ ನೌಕರರು 5 ವರ್ಷ ತುಂಬೋಕೆ ಮುಂಚೆ ಕೆಲ್ಸ ಬಿಟ್ರೆ ಸಾಮಾನ್ಯವಾಗಿ ಅದು ಸಿಗೋದೇ ಇಲ್ಲ. ಇನ್ಶೂರೆನ್ಸ್ ಪ್ರೀಮಿಯಂ ಒಂದು 20,000 ಅನ್ನಿ. ಇದೆಲ್ಲ ಕಳೆದ್ರೆ ಗ್ರಾಸ್ ತಿಂಗಳಿಗೆ ಸುಮಾರು 99,000, ಅದರಲ್ಲಿ ನಿಮ್ಮ ಪಾಲಿನ ಪಿಎಫ್ 6,600, ಪ್ರೊಫೆಷನಲ್ ಟ್ಯಾಕ್ಸ್ 200 ಹೋಗಿ ಕೈಗೆ ಬರೋದು 92,000 ಚಿಲ್ಲರೆ. 15 ಲಕ್ಷನ 12ರಿಂದ ಭಾಗಿಸಿ 1,25,000 ಬರತ್ತೆ ಅಂತ ಮನೆ ಬಾಡಿಗೆ, ಇಎಂಐ ಎಲ್ಲಾ ಪ್ಲಾನ್ ಮಾಡಿದ್ದವರ ಕಥೆ ಮೊದಲ ಸ್ಯಾಲರಿ ದಿನ ಗೊತ್ತಾಗತ್ತೆ.

ಟ್ಯಾಕ್ಸ್ ಎಲ್ಲಿ ಅಂತ ಕೇಳ್ತೀರ. ಮಜಾ ಇರೋದೇ ಇಲ್ಲಿ. 2025-26ರ ಹೊಸ ರೆಜೀಮ್ ಲೆಕ್ಕದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 12 ಲಕ್ಷದ ತನಕ ಬಂದ್ರೆ ಟ್ಯಾಕ್ಸ್ ಸೊನ್ನೆ. ಮೇಲಿನ ಉದಾಹರಣೆಯಲ್ಲಿ ಬರೀ ಫಿಕ್ಸೆಡ್ ಇದ್ರೆ 11.14 ಲಕ್ಷಕ್ಕೆ ನಿಲ್ಲತ್ತೆ, ಒಂದು ರೂಪಾಯಿ ಟ್ಯಾಕ್ಸ್ ಇಲ್ಲ. ವೇರಿಯಬಲ್ 1.8 ಲಕ್ಷ ಪೂರ್ತಿ ಬಂತು ಅನ್ಕೊಳ್ಳಿ, 12.94 ಲಕ್ಷ ಆಗತ್ತೆ, ಸೆಸ್ ಸೇರಿ ಟ್ಯಾಕ್ಸ್ ಸುಮಾರು 77,000! ಅಂದ್ರೆ ಆ 1.8 ಲಕ್ಷದಲ್ಲಿ ನಿಮಗೆ ಉಳಿಯೋದು ಒಂದು ಲಕ್ಷದ ಆಸುಪಾಸು. ಈಗ ಕಂಪನಿಲಿ ಎನ್‌ಪಿಎಸ್ (ಸರ್ಕಾರದ ಪಿಂಚಣಿ ಉಳಿತಾಯ ಯೋಜನೆ) ಸೌಲಭ್ಯ ಇದ್ರೆ, "ಸಿಟಿಸಿ ಅಷ್ಟೇ ಇರ್ಲಿ, ಅಲೋಯನ್ಸ್‌ನಿಂದ ಬೇಸಿಕ್‌ನ 14% ತೆಗ್ದು ಕಂಪನಿ ಕಡೆಯ ಎನ್‌ಪಿಎಸ್‌ಗೆ ಹಾಕಿ" ಅಂತ ಕೇಳಿ. 92,400 ರೂಪಾಯಿ ಟ್ಯಾಕ್ಸ್ ಲೆಕ್ಕದಿಂದಲೇ ಹೊರಗೆ ಹೋಗತ್ತೆ, ಆದಾಯ 12 ಲಕ್ಷದ ಗೆರೆ ಮೇಲೆ ಒಂದೂವರೆ ಸಾವಿರ ಚಿಲ್ಲರೆಗೆ ಬಂದು ನಿಲ್ಲತ್ತೆ, ಟ್ಯಾಕ್ಸೂ ಸುಮಾರು ಅಷ್ಟೇ. ದುಡ್ಡು ರಿಟೈರ್‌ಮೆಂಟ್ ತನಕ ಹೆಚ್ಚು ಕಡಿಮೆ ಲಾಕ್ ಅನ್ನೋದು ನಿಜ, ಬೇಡ ಅನ್ನೋರು ಬಿಡಿ. ನಾನು ಹೇಳ್ತಿರೋದು ಬೇರೆ: ಇದಕ್ಕೆ ಕಂಪನಿಗೆ ಒಂದು ಪೈಸೆ ಜಾಸ್ತಿ ಖರ್ಚಿಲ್ಲ, ಅಪ್ರೂವಲ್ ಬೇಡ, ಜಗಳ ಬೇಡ. ಪಿಎಫ್‌ನ ಬೇಸಿಕ್ ಮೇಲೆ ಪೂರ್ತಿ ಕಟ್ಟೋದಾ ಅಥ್ವಾ ತಿಂಗಳಿಗೆ 1,800ಕ್ಕೆ ನಿಲ್ಲಿಸೋದಾ ಅಂತ ಆಯ್ಕೆ ಕೊಡೋ ಕಂಪನಿಗಳೂ ಇವೆ, ಕೈಗೆ ಜಾಸ್ತಿ ಬೇಕಾದೋರು ಅದನ್ನೂ ಕೇಳ್ಬಹುದು, ಮುಂದಕ್ಕೆ ಉಳಿತಾಯ ಕಮ್ಮಿ ಆಗತ್ತೆ ಅಂತ ಗೊತ್ತಿದ್ದು ಕೇಳಿ. ಕೊಡೋರ ಜೇಬಿಗೆ ಭಾರ ಆಗ್ದೆ ತಗೊಳ್ಳೋರಿಗೆ ಲಾಭ ಆಗೋ ಇಂಥವನ್ನ ಮೊದ್ಲು ಹುಡುಕಿ, ಆಮೇಲೆ ದೊಡ್ಡ ನಂಬರ್‌ಗೆ ಹೋಗಿ.

ಇನ್ನೊಂದು, 2025ರ ನವೆಂಬರ್ 21ಕ್ಕೆ ಹೊಸ ಲೇಬರ್ ಕೋಡ್‌ಗಳು ಜಾರಿಗೆ ಬಂದ್ಮೇಲೆ ಅಲೋಯನ್ಸ್‌ಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಆದ್ರೆ ಆ ಜಾಸ್ತಿ ಭಾಗನೂ ವೇಜಸ್ (ಪಿಎಫ್, ಗ್ರಾಚ್ಯುಟಿ ಲೆಕ್ಕ ಹಾಕೋ ಮೊತ್ತ) ಲೆಕ್ಕಕ್ಕೇ ಬರತ್ತೆ. ಕಂಪನಿಗಳು ಸ್ಟ್ರಕ್ಚರ್ ಬದಲಾಯಿಸ್ಕೊಳ್ತಿರೋದ್ರಿಂದ ಹಳೇ ಕಂಪನಿ ಪೇಸ್ಲಿಪ್ ಪಕ್ಕ ಇಟ್ಕೊಂಡು ಅದೇ ಥರ ಇರತ್ತೆ ಅಂತ ಊಹೆ ಮಾಡ್ಬೇಡಿ. ಬ್ರೇಕಪ್ ಶೀಟ್ (ಸಿಟಿಸಿಲಿ ಯಾವ್ಯಾವ ಭಾಗ ಎಷ್ಟೆಷ್ಟು ಅನ್ನೋ ಪಟ್ಟಿ) ಕೇಳಿ ತಗೊಳ್ಳಿ, ಅದನ್ನ ಕೇಳೋದು ತಪ್ಪೇ ಅಲ್ಲ, ಕೊಡಲ್ಲ ಅನ್ನೋ ಕಂಪನಿ ಬಗ್ಗೆ ಮಾತ್ರ ಯೋಚ್ನೆ ಮಾಡಿ.

ಸರಿ, ಕೇಳೋದು ಹೇಗೆ. ಮೊದಲ ಕಾಲ್‌ನಲ್ಲೇ "ಕರೆಂಟ್ ಎಷ್ಟು, ಎಕ್ಸ್‌ಪೆಕ್ಟೆಡ್ ಎಷ್ಟು" ಅಂತ ಕೇಳ್ತಾರಲ್ಲ, ಅಲ್ಲಿಂದಲೇ ನೆಗೋಷಿಯೇಷನ್ ಶುರು. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೇ ಸಂಬಳ ಕೇಳೋ ಹಾಗೇ ಇಲ್ಲ, ಅಲ್ಲಿರೋ ನಮ್ಮೋರಿಗೆ ಆ ರಕ್ಷಣೆ ಇದೆ, ಇಲ್ಲಿ ಅಂಥ ಕಾನೂನಿಲ್ಲ, ಮೂರು ತಿಂಗಳ ಪೇಸ್ಲಿಪ್ಪೇ ಕೇಳ್ತಾರೆ. ಆದ್ರಿಂದ ಕರೆಂಟ್ ಸಂಬಳ ಸುಳ್ಳು ಹೇಳೋಕೆ ಹೋಗ್ಬೇಡಿ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಪೇಸ್ಲಿಪ್, ಫಾರ್ಮ್ 16, ಪಿಎಫ್ ಪಾಸ್‌ಬುಕ್ ಎಲ್ಲಾ ತಾಳೆ ನೋಡ್ತಾರೆ, ಸಿಕ್ಕಿಬಿದ್ರೆ ಹೋಗೋದು ಆಫರ್ ಒಂದೇ ಅಲ್ಲ. ಎಕ್ಸ್‌ಪೆಕ್ಟೆಡ್ ಮಾತ್ರ ತಕ್ಷಣ ಹೇಳ್ಬೇಕು ಅಂತೇನಿಲ್ಲ, "ರೋಲ್ ಏನು ಅಂತ ಪೂರ್ತಿ ಅರ್ಥ ಆದ್ಮೇಲೆ ಹೇಳ್ತೀನಿ, ನಿಮ್ಮ ಬ್ಯಾಂಡ್ ಎಷ್ಟಿದೆ ಹೇಳ್ತೀರಾ" ಅನ್ಬಹುದು. ಕೆಲವ್ರು ಹೇಳ್ತಾರೆ, ಕೆಲವ್ರು ಫಾರ್ಮ್‌ನಲ್ಲಿ ನಂಬರ್ ಹಾಕ್ಲೇಬೇಕು ಅಂತಾರೆ, ಹಾಕೋದಾದ್ರೆ ನಿಮಗೆ ನಿಜವಾಗ್ಲೂ ಖುಷಿ ಆಗೋ ನಂಬರ್ ಹಾಕಿ, ಯಾಕಂದ್ರೆ ನೀವೇ ಹಾಕಿದ್ದನ್ನ ಅವ್ರು ಕೊಟ್ಟಾಗ "ಇನ್ನೂ ಬೇಕು" ಅಂದ್ರೆ ಅದು ನಿಮ್ಮ ಮಾತಿನ ಬೆಲೆ ಇಳಿಸತ್ತೆ.

ಆಫರ್ ನಂಬರ್ ಬಂದಾಗ ಫೋನ್‌ನಲ್ಲೇ ಏನೂ ಒಪ್ಕೋಬೇಡಿ, ಏನೂ ತಳ್ಳಿ ಹಾಕ್ಬೇಡಿ. "ತುಂಬಾ ಥ್ಯಾಂಕ್ಸ್ ಮೇಡಂ, ಟೀಮ್ ನನಗೆ ಇಷ್ಟ ಆಯ್ತು, ಬ್ರೇಕಪ್ ಕಳ್ಸಿ, ನಾಳೆ ಸಂಜೆ ಒಳಗೆ ನಾನೇ ಫೋನ್ ಮಾಡ್ತೀನಿ" ಅಂದು ಇಟ್ಬಿಡಿ, ಮತ್ತೆ ನಾಳೆ ಸಂಜೆ ಒಳಗೆ ನಿಜವಾಗ್ಲೂ ಮಾಡಿ. ಆಮೇಲೆ ಹೀಗೆ:

"ಮೇಡಂ, ಬ್ರೇಕಪ್ ನೋಡ್ದೆ. ಪೇಮೆಂಟ್ಸ್ ಕಡೆ ನಾಲ್ಕು ವರ್ಷ ಕೆಲ್ಸ ಮಾಡಿದೀನಿ, ಮ್ಯಾನೇಜರ್ ಸರ್ ಹೇಳಿದ ಪ್ರಾಜೆಕ್ಟ್‌ಗೆ ಅದು ನೇರವಾಗಿ ಬೇಕಾಗತ್ತೆ ಅಂತ ಅವ್ರೇ ಅಂದ್ರು. ಫಿಕ್ಸೆಡ್ 13.2 ಇದೆ, 14.5 ಮಾಡೋಕಾಗತ್ತಾ? ಅದರ ಜೊತೆ ನೋಟಿಸ್ ಬೈಔಟ್ ವಿಷಯನೂ ಇದೆ, ಇವೆರಡೇ ನನ್ನ ಕಡೆಯಿಂದ. ಇವೆರಡು ಕ್ಲಿಯರ್ ಆದ್ರೆ ಇವತ್ತೇ ಸೈನ್ ಮಾಡ್ತೀನಿ."

"ನೋಡಿ, 14.5 ಕಷ್ಟ, ಬ್ಯಾಂಡ್ ದಾಟತ್ತೆ. ಕೇಳಿ ನೋಡ್ತೀನಿ."

"ಸರಿ ಮೇಡಂ, ಕೇಳಿ. ಫಿಕ್ಸೆಡ್ ಆಗ್ಲಿಲ್ಲ ಅಂದ್ರೆ ಜಾಯ್ನಿಂಗ್ ಬೋನಸ್ ಥರ ಏನಾದ್ರೂ ದಾರಿ ಇದ್ರೂ ಹೇಳಿ, ನನಗೆ ಓಕೆ."

ಇಷ್ಟೇ. (ಬೈಔಟ್ ಅಂದ್ರೆ ನೋಟಿಸ್ ಪೂರ್ತಿ ಮುಗಿಸ್ದೆ ಬಿಡೋಕೆ ಹಳೇ ಕಂಪನಿಗೆ ಕಟ್ಟೋ ದುಡ್ಡನ್ನ ಹೊಸ ಕಂಪನಿ ಕೊಡೋದು.) ಎರಡು ವಿಷಯನೂ ಒಂದೇ ಸಲ ಹೇಳಿದ್ದು ಗಮನಿಸಿ. ಇವತ್ತು ಫಿಕ್ಸೆಡ್, ಅದು ಆದ್ಮೇಲೆ ನಾಳೆ ಬೈಔಟ್, ನಾಡಿದ್ದು ವರ್ಕ್ ಫ್ರಮ್ ಹೋಮ್ ಅಂತ ಒಂದೊಂದೇ ಎಳೆದ್ರೆ ಆಕೆ ಪ್ರತಿ ಸಲ ಮ್ಯಾನೇಜರ್ ಮುಂದೆ ಹೋಗಿ ನಿಲ್ಬೇಕು, ಮೂರನೇ ಸಲಕ್ಕೆ ಮ್ಯಾನೇಜರ್ ಬಾಯಲ್ಲಿ "ಸೇರೋಕೆ ಮುಂಚೆನೇ ಹೀಗಾ" ಅನ್ನೋ ಮಾತು ಬರತ್ತೆ. ಆಫರ್ ವಾಪಸ್ ತಗೊಂಡಿದ್ದು ನಾನು ನೋಡಿರೋದೆಲ್ಲ ಇಂಥ ಎಳೆದಾಟದಲ್ಲೇ, ಒಂದು ಸಲ ಮರ್ಯಾದೆಯಿಂದ ಕೇಳಿದ್ದಕ್ಕಲ್ಲ. ಮತ್ತೆ ಕಾರಣ ಕೊಡುವಾಗ ಮನೆ ಲೋನ್, ತಂಗಿ ಮದುವೆ, ಮಗು ಸ್ಕೂಲ್ ಫೀಸ್ ತರ್ಬೇಡಿ. ಕೇಳೋರಿಗೆ ಮನಸ್ಸು ಕರಗ್ಬಹುದು ಆದ್ರೆ ಅಪ್ರೂವಲ್ ಮೇಲ್‌ನಲ್ಲಿ ಅದನ್ನ ಬರೆಯೋಕಾಗಲ್ಲ, ಕೆಲ್ಸಕ್ಕೆ ಸಂಬಂಧಪಟ್ಟ ಕಾರಣ ಮಾತ್ರ ಅಲ್ಲಿ ನಿಲ್ಲತ್ತೆ.

ನಿಜವಾಗ್ಲೂ ಇನ್ನೊಂದು ಆಫರ್ ಕೈಲಿದ್ರೆ? ಹೇಳಿ, ತಪ್ಪಿಲ್ಲ, ಆದ್ರೆ ಹೇಳೋ ಧಾಟಿ ಮುಖ್ಯ. "ಅವ್ರು 17 ಕೊಡ್ತಿದಾರೆ ನೀವೆಷ್ಟು" ಅಂದ್ರೆ ಹರಾಜು ಕೂಗಿದ ಹಾಗಾಯ್ತು, "ಇನ್ನೊಂದು ಕಡೆ 17 ಇದೆ, ಆದ್ರೆ ಕೆಲ್ಸ ನಿಮ್ಮಲ್ಲೇ ಇಷ್ಟ, 16 ಆದ್ರೆ ನಾನು ಇಲ್ಲೇ ಬರ್ತೀನಿ" ಅಂದ್ರೆ ಅವ್ರಿಗೆ ನಿಮಗೋಸ್ಕರ ಓಡಾಡೋಕೆ ಒಂದು ಕಾರಣ ಸಿಕ್ತು. ಇಲ್ಲದ ಆಫರ್ ಇದೆ ಅನ್ಬೇಡಿ, ಲೆಟರ್ ಕಳ್ಸಿ ಅಂತ ಕೇಳೋ ಪದ್ಧತಿ ಇಲ್ಲಿ ಇದೆ.

ಮ್ಯಾನೇಜರ್ ಹತ್ರ ದುಡ್ಡಿನ ಮಾತು ಎತ್ತದೆ ಇರೋದು ಒಳ್ಳೇದು ಅಂತ ನನ್ನ ಅಭಿಪ್ರಾಯ, ಎಲ್ರೂ ಒಪ್ಪಲ್ಲ. ನಾಳೆಯಿಂದ ದಿನಾ ಮುಖ ನೋಡ್ಬೇಕಾಗಿರೋದು ಅವರದ್ದು. ಅವರ ಹತ್ರ ಕೆಲ್ಸದ ಬಗ್ಗೆ ಕೇಳಿ, ಮೊದಲ ಆರು ತಿಂಗಳಲ್ಲಿ ನನ್ನಿಂದ ಏನು ನಿರೀಕ್ಷೆ, ಟೀಮ್ ಎಷ್ಟು ದೊಡ್ಡದು, ಆನ್‌ಕಾಲ್ ಇದೆಯಾ, ಯಾವ ಲೆವೆಲ್‌ಗೆ ತಗೊಳ್ತಿದೀರ. ಈ ಲೆವೆಲ್ ಪ್ರಶ್ನೆ ಚಿಕ್ಕದಾಗಿ ಕಾಣತ್ತೆ, ಆದ್ರೆ ಸಂಬಳಕ್ಕಿಂತ ಹೆಚ್ಚು ಕಾಲ ಕಾಡೋದು ಅದೇ. ಕೆಳಗಿನ ಬ್ಯಾಂಡ್‌ನ ತುತ್ತತುದೀಲಿ ನಿಮ್ಮನ್ನ ಕೂರಿಸಿದ್ರೆ ಇವತ್ತು ನಂಬರ್ ಚೆನ್ನಾಗಿರತ್ತೆ, ಮುಂದಿನ ಅಪ್ರೈಸಲ್‌ನಲ್ಲಿ "ನೀವು ಆಗ್ಲೇ ಬ್ಯಾಂಡ್ ಟಾಪ್‌ನಲ್ಲಿದೀರಲ್ಲ" ಅಂತ ಎರಡು ಮೂರು ಪರ್ಸೆಂಟ್ ಕೊಟ್ಟು ಕಳಿಸ್ತಾರೆ. ಅದಕ್ಕಿಂತ ಮೇಲಿನ ಬ್ಯಾಂಡ್‌ನ ಕೆಳಗಡೆ ಸೇರೋದು ಎಷ್ಟೋ ವಾಸಿ, ಐವತ್ತು ಸಾವಿರ ಕಮ್ಮಿ ಆದ್ರೂ. ಇನ್ನು ಒಳಗಿರೋ ಫ್ರೆಂಡ್ ರೆಫರ್ ಮಾಡಿದ್ರೆ ಅವ್ನನ್ನ ನಡುವೆ ನಿಲ್ಲಿಸಿ ಚೌಕಾಸಿ ಮಾಡಿಸ್ಬೇಡಿ, ಅವನ ರೆಫರಲ್ ಬೋನಸ್ಸೂ ನಿಮ್ಮ ಫ್ರೆಂಡ್‌ಶಿಪ್ಪೂ ಎರಡೂ ಇಕ್ಕಟ್ಟಿಗೆ ಸಿಕ್ಕಾಕೊಳ್ತವೆ. ಕನ್ಸಲ್ಟೆನ್ಸಿ ಮೂಲಕ ಹೋದೋರಿಗೆ ಒಂದು ಮಾತು, ಎಷ್ಟೋ ಕಡೆ ಅವರ ಕಮಿಷನ್ ನಿಮ್ಮ ಸಿಟಿಸಿ ಮೇಲಿನ ಪರ್ಸೆಂಟೇಜು, ಆದ್ರೂ ನಿಮಗೆ ಜಾಸ್ತಿ ಕೊಡಿಸೋದಕ್ಕಿಂತ ಬೇಗ ಕ್ಲೋಸ್ ಮಾಡೋದೇ ಅವ್ರಿಗೆ ಲಾಭ.

ಬಾಯಿ ಮಾತಿನ ಭರವಸೆಗಳ ಬಗ್ಗೆ ಸ್ವಲ್ಪ ಹುಷಾರು. "ಆರು ತಿಂಗಳಿಗೆ ರಿವ್ಯೂ ಮಾಡಿ ಜಾಸ್ತಿ ಮಾಡೋಣ" ಅಂತ ಹೇಳೋರು ಸುಳ್ಳು ಹೇಳ್ತಿರಲ್ಲ, ಆದ್ರೆ ಆರು ತಿಂಗಳಲ್ಲಿ ಆ ಮ್ಯಾನೇಜರೇ ಬೇರೆ ಕಂಪನಿ ಸೇರಿರ್ತಾರೆ. "ನಂಬಿಕೆ ಇಲ್ಲ ಅಂತಲ್ಲ ಸರ್, ಲೆಟರ್‌ನಲ್ಲಿ ಇಲ್ಲಾ ಒಂದು ಮೇಲ್‌ನಲ್ಲಿ ಹಾಕ್ಬಿಟ್ರೆ ಇಬ್ರಿಗೂ ನೆನಪಿರತ್ತೆ" ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಜಾಯ್ನಿಂಗ್ ಬೋನಸ್‌ನಲ್ಲಿ ಒಂದು ಮುಳ್ಳಿದೆ: ಒಂದು ವರ್ಷದೊಳಗೆ ಬಿಟ್ರೆ ವಾಪಸ್ ಕೊಡ್ಬೇಕು ಅಂತ ಬರೆದಿರ್ತಾರೆ, ನಿಮಗೆ ಬಂದಿರೋದು ಟಿಡಿಎಸ್ ಕಳೆದು, ವಾಪಸ್ ಕೇಳೋದು ಪೂರ್ತಿ ಮೊತ್ತ. ಹತ್ತು ತಿಂಗಳು ಕೆಲ್ಸ ಮಾಡಿ ಬಿಟ್ರೆ ಎರಡು ತಿಂಗಳ ಪಾಲು ಮಾತ್ರ ಕೊಡೋ ಹಾಗೆ ಬರೀತೀರಾ ಅಂತ ಸೈನ್‌ಗೆ ಮುಂಚೆ ಕೇಳಿ, ಕೆಲವ್ರು ಒಪ್ತಾರೆ. ಸ್ಟಾರ್ಟಪ್‌ನವ್ರು ಇಸಾಪ್ (ಕಂಪನಿ ಶೇರನ್ನ ಮುಂದೆ ಗೊತ್ತುಮಾಡಿದ ಬೆಲೆಗೆ ತಗೊಳ್ಳೋ ಹಕ್ಕು) ಕೊಡ್ತೀವಿ ಅಂದ್ರೆ ಬರೀ ಎಷ್ಟು ಲಕ್ಷದ್ದು ಅಂತ ಕೇಳಿ ಸುಮ್ನಾಗ್ಬೇಡಿ, ಎಷ್ಟು ವರ್ಷಕ್ಕೆ ವೆಸ್ಟ್ ಆಗತ್ತೆ, ಅಂದ್ರೆ ನಿಮ್ಮದಾಗತ್ತೆ (ನಾಲ್ಕು ವರ್ಷ, ಮೊದಲ ವರ್ಷ ಏನೂ ಇಲ್ಲ ಅನ್ನೋದು ಸಾಮಾನ್ಯ), ಶೇರಿಗೆ ಎಷ್ಟು ಕಟ್ಬೇಕು, ಕೆಲ್ಸ ಬಿಟ್ಮೇಲೆ ಎಷ್ಟು ದಿನದೊಳಗೆ ತಗೋಬೇಕು, ಇದು ಮೂರೂ ಗೊತ್ತಿಲ್ದೆ ಅದನ್ನ ಸಂಬಳದ ಲೆಕ್ಕಕ್ಕೆ ಸೇರಿಸೋದು ಬೇಡ.

ಫ್ರೆಶರ್‌ಗಳಿಗೆ ಸಂಬಳದಲ್ಲಿ ಜಾಗ ಇರೋದು ಕಮ್ಮಿ, ಕ್ಯಾಂಪಸ್‌ನಲ್ಲಿ ಎಲ್ರಿಗೂ ಒಂದೇ ಪ್ಯಾಕೇಜ್. ಆದ್ರೆ ಬಾಂಡ್ (ಇಷ್ಟು ವರ್ಷ ಕೆಲ್ಸ ಬಿಡಲ್ಲ, ಬಿಟ್ರೆ ದುಡ್ಡು ಕಟ್ತೀನಿ ಅನ್ನೋ ಕರಾರು) ಓದಿ. ಕೆಲ್ಸ ಬಿಟ್ಮೇಲೆ ಬೇರೆ ಕಡೆ ಸೇರ್ಲೇಬಾರ್ದು ಅನ್ನೋ ಷರತ್ತು ಕಾಂಟ್ರಾಕ್ಟ್ ಆಕ್ಟ್‌ನ 27ನೇ ಸೆಕ್ಷನ್ ಮುಂದೆ ನಿಲ್ಲಲ್ಲ ಅನ್ನೋದು ನಿಜ, ಅದನ್ನೇ ಹಿಡ್ಕೊಂಡು "ಬಾಂಡೆಲ್ಲ ಸುಮ್ನೆ ಪೇಪರ್" ಅನ್ನೋರ ಮಾತು ಕೇಳ್ಬೇಡಿ. ವಿಜಯಾ ಬ್ಯಾಂಕ್ ಕೇಸಲ್ಲಿ ಮೂರು ವರ್ಷ ಮುಗಿಸ್ದೆ ಬಿಟ್ರೆ 2 ಲಕ್ಷ ಕಟ್ಬೇಕು ಅನ್ನೋ ಷರತ್ತಿತ್ತು, ನಮ್ಮ ಹೈಕೋರ್ಟ್ ಅದನ್ನ ಒಪ್ಲಿಲ್ಲ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪು ತಿರುಗಿಸಿ ಷರತ್ತು ಸರಿ ಅಂತು.

ಹುಬ್ಬಳ್ಳಿಯದ್ದೋ ಪೀಣ್ಯದ್ದೋ ಚಿಕ್ಕ ಕಂಪನಿ ಆದ್ರೆ ಮೇಲಿನ ಅರ್ಧ ಮಾತು ನಡೆಯಲ್ಲ. ಅಲ್ಲಿ ಬ್ಯಾಂಡ್ ಇಲ್ಲ, ಎಚ್‌ಆರ್ ಇಲ್ಲ, ಓನರ್ರೇ ಎದುರು ಕೂತಿರ್ತಾರೆ, ದುಡ್ಡು ಕೊಡೋರೂ ಅವ್ರೇ ಕೆಲ್ಸ ಹೇಳೋರೂ ಅವ್ರೇ. ಅಲ್ಲಿ ಮೇಲ್ ಕಳ್ಸಿದ್ರೆ ಕೋರ್ಟ್ ನೋಟಿಸ್ ಬಂದ ಹಾಗೆ ನೋಡ್ತಾರೆ, ಎದುರಿಗೆ ಹೋಗಿ ಕೂತು ಮಾತಾಡ್ಬೇಕು, ಇನ್ನೊಂದು ಕಂಪನಿ ಆಫರ್ ಹೆಸರು ಎತ್ಲೇಬಾರ್ದು. "ಸಾರ್, ಮೊದಲ ಮೂರು ತಿಂಗಳು ನೀವು ಹೇಳಿದ್ದಕ್ಕೇ ಇರ್ತೀನಿ, ಕೆಲ್ಸ ನೋಡಿ, ಆಮೇಲೆ ಇಷ್ಟು ಮಾಡ್ಕೊಡಿ" ಅನ್ನೋದು ಅಲ್ಲಿ ಕೆಲ್ಸ ಮಾಡತ್ತೆ, ಮಾತು ಮುಗಿದ್ಮೇಲೆ "ಸಾರ್ ಆಗ ಮಾತಾಡಿದ್ದು" ಅಂತ ವಾಟ್ಸಾಪಲ್ಲಿ ಒಂದು ಸಾಲು ಹಾಕಿಟ್ರೆ ಸಾಕು.

ಈಗ ನಾನು ಶುರುವಲ್ಲಿ ಹೇಳಿದ ಎರಡನೇ ಗುಂಪು. ಸೈನ್ ಮಾಡಿ ಪೇಪರ್ ಹಾಕಿದ್ಮೇಲೆ ನಿಮಗೆ ಫೋನ್‌ಗಳು ಸುರಿಯತ್ತೆ, ನೌಕ್ರಿ ಪ್ರೊಫೈಲ್‌ನಲ್ಲಿ "ಸರ್ವಿಂಗ್ ನೋಟಿಸ್" ಅಂತ ಕಂಡ ಕೂಡ್ಲೇ ಎಲ್ರಿಗೂ ಬೇಕಾಗ್ತೀರ. ಆಸೆ ಆಗತ್ತೆ, ಅದು ಮನುಷ್ಯ ಸಹಜ. ಆದ್ರೆ ಆ ಕಡೆ ಏನಾಗಿರತ್ತೆ ನೋಡಿ, ಎರಡನೇ ಸ್ಥಾನದಲ್ಲಿದ್ದ ಕ್ಯಾಂಡಿಡೇಟ್‌ಗೆ ಇಲ್ಲ ಅಂದಿರ್ತಾರೆ, ಕ್ಲೈಂಟ್‌ಗೆ ಈ ತಾರೀಕಿಗೆ ಆಳು ಬರ್ತಾರೆ ಅಂತ ಹೇಳಿರ್ತಾರೆ, ಲ್ಯಾಪ್‌ಟಾಪ್ ಆರ್ಡರ್ ಆಗಿರತ್ತೆ. ಸೇರೋಕೆ ಒಂದು ವಾರ ಇದ್ದಾಗ "ಬೇರೆ ಆಫರ್ ಬಂದಿದೆ, ಮ್ಯಾಚ್ ಮಾಡ್ತೀರಾ" ಅಂದ್ರೆ ಅವ್ರು ಮಾಡ್ಲೂಬಹುದು, ಗತಿ ಇಲ್ದೆ. ಮಾಡಿದ ಮ್ಯಾನೇಜರ್ ಅದನ್ನ ಮರೆಯಲ್ಲ, ಮೊದಲ ದಿನದಿಂದ್ಲೇ "ಇವ್ರು ಎಷ್ಟು ದಿನ ಇರ್ತಾರೋ" ಅಂತಲೇ ನೋಡ್ತಾರೆ, ಒಳ್ಳೇ ಪ್ರಾಜೆಕ್ಟ್ ಕೊಡೋವಾಗ ಕೈ ಹಿಂದೆ ಸರಿಯತ್ತೆ. ಬೆಂಗಳೂರು ಎಷ್ಟೇ ದೊಡ್ಡದಾದ್ರೂ ಒಂದೊಂದು ಫೀಲ್ಡ್ ಒಳಗೆ ಒಂದು ಹಳ್ಳಿ ಇದ್ದಷ್ಟೇ, ಇವತ್ತಿನ ರೆಕ್ರೂಟರ್ ಎರಡು ವರ್ಷದ ನಂತರ ನೀವು ಹೋಗ್ಬೇಕು ಅಂತಿರೋ ಕಂಪನಿಲೇ ಕೂತಿರ್ತಾರೆ. ಹಳೇ ಕಂಪನಿಯವ್ರು ಕೌಂಟರ್ ಆಫರ್ ಕೊಟ್ರೂ ಇದೇ ಮಾತು, ಅಲ್ಲಿ ಉಳಿಯೋ ಮನಸ್ಸಿದ್ರೆ ಪೇಪರ್ ಹಾಕೋಕೆ ಮುಂಚೆನೇ ಅವರ ಹತ್ರ ಮಾತಾಡಿ ಮುಗಿಸ್ಬೇಕಿತ್ತು.

ಹಾಗಂತ ಮನೆ ಪರಿಸ್ಥಿತಿ ಬದಲಾಗತ್ತೆ, ಊರಿಗೆ ವಾಪಸ್ ಹೋಗ್ಬೇಕಾಗತ್ತೆ, ಕನಸಿನ ಕೆಲ್ಸನೇ ಸಿಕ್ಬಿಡತ್ತೆ. ಬರೋಕಾಗಲ್ಲ ಅಂತ ಗೊತ್ತಾದ ದಿನವೇ ಫೋನ್ ಮಾಡಿ ಹೇಳಿ, ಮೆಸೇಜ್ ಅಲ್ಲ ಫೋನ್, ರೆಕ್ರೂಟರ್‌ಗೂ ಮ್ಯಾನೇಜರ್‌ಗೂ ಇಬ್ರಿಗೂ. ಬೈತಾರೆ, ಬೈಸ್ಕೊಳ್ಳಿ. ಜಾಯ್ನಿಂಗ್ ದಿನ ಫೋನ್ ಸ್ವಿಚ್ ಆಫ್ ಮಾಡ್ಕೊಂಡು ಕೂರೋರಿಗೆ ಹೋಲಿಸಿದ್ರೆ ನಿಮ್ಮ ಹೆಸರು ಎಷ್ಟೋ ಉಳಿಯತ್ತೆ.

ಕೇಳಿದ್ದು ಸಿಗ್ಲಿಲ್ಲ, "ಇದೇ ಫೈನಲ್" ಅಂದ್ರು ಅಂದ್ಕೊಳ್ಳಿ. ಅಲ್ಲಿಗೆ ನಿಲ್ಲಿಸಿ. ಬೇಕಾದ್ರೆ ಒಪ್ಕೊಳ್ಳಿ, ಬೇಡ ಅಂದ್ರೆ "ನೀವು ಪ್ರಯತ್ನ ಪಟ್ರಿ, ಅದು ಗೊತ್ತಾಯ್ತು, ಈ ಸಲ ಆಗ್ಲಿಲ್ಲ" ಅಂತ ಚೆನ್ನಾಗೇ ಹೇಳಿ ಬಿಡಿ. ಒಪ್ಕೊಂಡ್ರೆ ಮಾತ್ರ ಸಂಬಳದ ಕೊರಗನ್ನ ಟೀಮ್ ಟೀ ಬ್ರೇಕ್‌ಗೆ ತಗೊಂಡು ಹೋಗ್ಬೇಡಿ, ಮುಂದಿನ ಅಪ್ರೈಸಲ್ ತನಕ ಆ ಫೈಲ್ ಮುಚ್ಚಿದ್ದು. ಬೈಔಟ್ ಒಪ್ಪಿದ್ರೆ ಅದನ್ನ ಎಷ್ಟು ದಿನದೊಳಗೆ ಕ್ಲೇಮ್ ಮಾಡ್ಬೇಕು ಅಂತ ಸೈನ್ ಮಾಡುವಾಗ್ಲೇ ಕೇಳಿಟ್ಕೊಳ್ಳಿ, ಹಳೇ ಕಂಪನಿ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಪೇಪರ್ ಕೊಡೋದು ಲೇಟಾದ್ರೆ ಆ ಗಡುವು ದಾಟಿಹೋಗತ್ತೆ. ಮತ್ತೆ ಆ ದುಡ್ಡು ಸಂಬಳದ ಜೊತೆ ಸೇರಿ ಟ್ಯಾಕ್ಸ್ ಕಟ್ ಆಗೇ ಬರತ್ತೆ, ಪೂರ್ತಿ ಬರ್ಲಿಲ್ಲ ಅಂತ ಮೊದಲ ತಿಂಗಳೇ ಪೇರೋಲ್‌ನವರ ಜೊತೆ ಕಿತ್ತಾಡೋಕೆ ಹೋಗ್ಬೇಡಿ.